ನಮ್ಮ ತೂಕದ ವಿಚಾರ

ಸ್ಥೂಲದೇಹಿಗಳನ್ನು ಕಂಡಾಗ ಉಪದೇಶ ಮಾಡಬೇಕೆಂಬ ಆಸೆ ಯಾರಿಗೆ ತಾನೆ ಹುಟ್ಟುವುದಿಲ್ಲ? ಮನಸ್ಸಿನ ದೋಷಗಳನ್ನು ಎಷ್ಟೋ ಕಾಲ ಮುಚ್ಚಿಡಬಹುದು. ಹೊಟ್ಟೆಯಾದರೋ ಅಂಗಿಯೊಳಗಿದ್ದೂ ಅಡಗದು. ಅದನ್ನು ಕಂಡವರೆಲ್ಲರೂ ವೈದ್ಯರಾಗುತ್ತಾರೆ. ನಾವೂ ಈ ಶಾಲೆಯಲ್ಲಿ ಕೆಲವು ವರ್ಷ ಅಂತಹ ವೈದ್ಯರಾಗಿದ್ದೆವು, ಆಮೇಲೆ ರೋಗಿಯಾದೆವು. ವಿದ್ಯಾರ್ಥಿಗಳ ಮುಂದೆ ಇದನ್ನು ಹೇಳಿಕೊಳ್ಳಲು ಸಂಕೋಚವಿದ್ದರೂ, ಹೇಳದಿರುವುದು ನ್ಯಾಯವಲ್ಲವೆಂದು ತೋರಿದುದರಿಂದ ಬರೆಯುತ್ತಿದ್ದೇವೆ.

ಎರಡು ವರ್ಷಗಳ ಹಿಂದಿನ ಮಳೆಗಾಲದಲ್ಲಿ ನಮ್ಮ ತೂಕವು 68 ಕಿಲೋಗ್ರಾಮಿನಿಂದ 75ಕ್ಕೆ ಏರಿತು. ಮೊದಲು ದರ್ಜಿಯನ್ನು ದೂರಿದೆವು. ಆಮೇಲೆ ಬಟ್ಟೆ ಕುಗ್ಗಿಸಿದನೆಂದು ಅಗಸನನ್ನು. ಕೊನೆಗೆ ತಪ್ಪು ನಮ್ಮದೇ ಎಂದೊಪ್ಪಿ ರಾತ್ರಿಯ ಅನ್ನ ಬಿಟ್ಟು ಎರಡು ಜೋಳದ ರೊಟ್ಟಿಗೆ ನಿಂತೆವು. ಮುಂದೆ ಒಂದಕ್ಕೆ ಇಳಿದೆವು. ರೊಟ್ಟಿ ಇಳಿಯಿತು, ತೂಕ ಇಳಿಯಲಿಲ್ಲ. ರೈಲು ನಿಲ್ದಾಣದ ಮೆಟ್ಟಿಲುಗಳನ್ನು ಹತ್ತುವಾಗ ಕಾಲುಗಳಿಗೆ ಸೀಸ ಕಟ್ಟಿದಂತಾಗುತ್ತಿತ್ತು. ಮುಂಬಯಿಯ ಸೆಕೆಯಲ್ಲಿ ಎಲ್ಲರೂ ಬೆವರುತ್ತಿರುವಾಗ ನಮಗೆ ಚಳಿ! ಫ್ಯಾನು ಆರಿಸಿರೆಂದಾಗ ಹುಡುಗರು ಮುಖ ಮುಖ ನೋಡಿಕೊಂಡರು. ಪದ್ಯ ಓದುವ ಧ್ವನಿ ಗೊಗ್ಗರಾಯಿತು. ಎಲ್ಲಕ್ಕಿಂತ ಹೆಚ್ಚಾಗಿ ನಮ್ಮನ್ನು ನೋಯಿಸಿದ್ದು ಮರೆವು. ಲೋಪಸಂಧಿಗೆ ಉದಾಹರಣೆ ಬರೆಯಲು ಕರಿಹಲಗೆಯ ಕಡೆ ತಿರುಗಿದವರು ಸೀಮೆಸುಣ್ಣ ಹಿಡಿದು ಸುಮ್ಮನೆ ನಿಂತುಬಿಟ್ಟೆವು. ಕಲಿಸುವುದೇ ಕೈಬಿಟ್ಟುಹೋದರೆ ಈ ಊರಿನಲ್ಲಿ ನಮಗೆ ಇನ್ನೇನಿದೆ ಎಂಬ ಭೀತಿ ಅಂದು ರಾತ್ರಿ ನಿದ್ರೆಗೊಡಲಿಲ್ಲ.

ಮನೆಯವರು ಮಾತ್ರ ಲೆಕ್ಕ ತಪ್ಪಲಿಲ್ಲ. “ಒಂದ ರೊಟ್ಟಿ ತಿಂದು ಇಷ್ಟ ದಪ್ಪ ಆಗೋದು ಹೆಂಗ್ರೀ? ಸುಮ್ನ ದವಾಖಾನಿಗೆ ಹೋಗ್ರಿ” ಎಂದರು. ಹೋದೆವು.

ವೈದ್ಯರು ಹೊಟ್ಟೆಯ ಕಡೆ ನೋಡಲೇ ಇಲ್ಲ. ನಾಡಿ ಹಿಡಿದರು, ನಿಮಿಷಕ್ಕೆ 54 ಬಡಿತ. ಹಿಮ್ಮಡಿಯ ಮೇಲ್ಭಾಗವನ್ನು ಚಿಕ್ಕ ಸುತ್ತಿಗೆಯಿಂದ ತಟ್ಟಿದಾಗ ಪಾದವು ಕುಪ್ಪಳಿಸಿ, ಸೋಮಾರಿಯಂತೆ ಮೆಲ್ಲಗೆ ಹಿಂದಿರುಗಿತು. ಒಂದು ಗುಟುಕು ನೀರು ಕುಡಿಸಿ, ನುಂಗುವಾಗ ಕತ್ತನ್ನು ಪರೀಕ್ಷಿಸಿ, ರಕ್ತಪರೀಕ್ಷೆಗೆ ಬರೆದುಕೊಟ್ಟರು. ಸಾಮಾನ್ಯವಾಗಿ ಸುಮಾರು 0.4ರಿಂದ 4ರವರೆಗೆ ಇರಬೇಕಾದ ಟಿ.ಎಸ್.ಎಚ್. ಎಂಬುದು ನಮ್ಮಲ್ಲಿ 38 ಇತ್ತು.

ಅದೇನೆಂಬುದನ್ನು ವಿವರಿಸುವುದು ಉಪಾಧ್ಯಾಯರ ಧರ್ಮ. ಕತ್ತಿನ ಮುಂಭಾಗದಲ್ಲಿ, ಧ್ವನಿಪೆಟ್ಟಿಗೆಯ ಕೆಳಗೆ, ರೆಕ್ಕೆ ಬಿಚ್ಚಿದ ಚಿಟ್ಟೆಯಂತೆ ಥೈರಾಯ್ಡ್ ಗ್ರಂಥಿಯಿದೆ. ಅದರ ತೂಕ ಸುಮಾರು 20 ಗ್ರಾಂ. ಆಹಾರದ ಅಯೋಡಿನ್ನನ್ನು ಹೀರಿ ಅದು ಥೈರಾಕ್ಸಿನ್ ಎಂಬ ಹಾರ್ಮೋನನ್ನು ತಯಾರಿಸುತ್ತದೆ. ದೇಹವೆಂಬ ಒಲೆಯ ಉರಿಯನ್ನು ಹೆಚ್ಚು ಕಡಿಮೆ ಮಾಡುವುದು ಈ ಹಾರ್ಮೋನೇ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಇದಕ್ಕೆ ಮುಖ್ಯೋಪಾಧ್ಯಾಯರಿದ್ದಂತೆ. ಕೆಳಗಿನವರು ಕೆಲಸ ಮಾಡದಿದ್ದರೆ ಮೇಲಿನವರು ಜ್ಞಾಪನಪತ್ರದ ಮೇಲೆ ಜ್ಞಾಪನಪತ್ರ ಕಳುಹಿಸುವರಷ್ಟೆ, ಟಿ.ಎಸ್.ಎಚ್. ಎಂದರೆ ಆ ಪತ್ರ. ಅದು ಏರಿದೆಯೆಂದರೆ ಗ್ರಂಥಿ ಮಂದವಾಗಿದೆಯೆಂದು ಅರ್ಥ. ನಮ್ಮಲ್ಲಿ ದೇಹದ ರಕ್ಷಣಾಪಡೆಯೇ ತನ್ನವರನ್ನು ಶತ್ರುವೆಂದು ಭ್ರಮಿಸಿ ಗ್ರಂಥಿಯ ಮೇಲೆ ಬಿದ್ದಿತ್ತು. 1912ರಲ್ಲಿ ಈ ರೋಗವನ್ನು ವರ್ಣಿಸಿದ ಜಪಾನಿನ ವೈದ್ಯ ಹಾಶಿಮೊಟೊ ಅವರ ಹೆಸರೇ ಅದಕ್ಕೆ ನಿಂತಿದೆ.

ಅಯೋಡಿನ್ನಿನ ಕೊರತೆಯಿಂದಲೂ ಈ ಗ್ರಂಥಿ ಕೆಡುವುದುಂಟು. ಕಾಂಗ್ರಾ ಕಣಿವೆಯಲ್ಲಿ 1956ರಿಂದ ಡಾ. ವಿ. ರಾಮಲಿಂಗಸ್ವಾಮಿ ಮೊದಲಾದವರು ಅಯೋಡಿನ್ ಬೆರೆಸಿದ ಉಪ್ಪು ಕೊಟ್ಟು ಗಳಗಂಡ ತಗ್ಗುವುದನ್ನು ತೋರಿಸಿಕೊಟ್ಟರು. 1962ರಲ್ಲಿ ಗಳಗಂಡ ನಿವಾರಣೆಯ ರಾಷ್ಟ್ರೀಯ ಕಾರ್ಯಕ್ರಮ ಮೊದಲಾಯಿತು. ಇಂದು ನಮ್ಮ ಅಡುಗೆಮನೆಯ ಉಪ್ಪಿನ ಡಬ್ಬಿಯ ಹಿಂದೆ ಇಷ್ಟು ಇತಿಹಾಸವಿದೆ.

ಚಿಕಿತ್ಸೆಯ ಕಥೆ ಇನ್ನೂ ಹಳೆಯದು. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ವೈದ್ಯರು ಕುರಿಯ ಥೈರಾಯ್ಡಿನ ಸಾರವನ್ನು ಒಬ್ಬ ರೋಗಿಗೆ ಚುಚ್ಚಿದರು. ಆಕೆ ಮುಂದೆ 28 ವರ್ಷ ಬದುಕಿದಳು. ನಮಗೆ ದೊರೆತದ್ದು ಒಂದು ಚಿಕ್ಕ ಬಿಳಿಯ ಗುಳಿಗೆ. ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ನೀರಿನೊಡನೆ ನುಂಗಬೇಕು; ಅರ್ಧ ಗಂಟೆಯಾದರೂ ಚಹಾ ಮುಟ್ಟಕೂಡದು. ಧಾರವಾಡದ ಕಡೆಯವರಿಗೆ ಇದಕ್ಕಿಂತ ಕಠಿಣವಾದ ವ್ರತವಿಲ್ಲ.

ಕೆಲವು ತಿಂಗಳುಗಳಲ್ಲಿ ಚಳಿ ಬಿಟ್ಟಿತು, ಧ್ವನಿ ತಿಳಿಯಾಯಿತು, ಸಂಧಿಗಳು ಹಿಂದಿರುಗಿದವು. ತೂಕವು ನಾಲ್ಕು ಕಿಲೋ ಇಳಿದು ನಿಂತುಬಿಟ್ಟಿತು. “ಉಳಿದ ಮೂರು?” ಎಂದು ಕೇಳಿದೆವು. ಈ ರೋಗದಲ್ಲಿ ಏರುವ ತೂಕ ಸಾಮಾನ್ಯವಾಗಿ ಕೆಲವೇ ಕಿಲೋ, ಅದರಲ್ಲಿಯೂ ಬಹುಪಾಲು ದೇಹದಲ್ಲಿ ನಿಂತ ಉಪ್ಪು ನೀರು ಎಂದರು ವೈದ್ಯರು. ಉಳಿದುದಕ್ಕೆ ನಮ್ಮನ್ನೇ ವಿಚಾರಿಸಿಕೊಳ್ಳಲು ಹೇಳಿದರು. ವಿಚಾರಿಸಿಕೊಂಡೆವು. ರೊಟ್ಟಿಗಳನ್ನು ಎಣಿಸಿದ್ದ ನಾವು ನಿಲ್ದಾಣದ ಹೊರಗಿನ ವಡಾಪಾವುಗಳನ್ನು ಎಣಿಸಿರಲಿಲ್ಲ. ಆ ಮೂರು ಕಿಲೋ ನಮ್ಮ ಸ್ವಾರ್ಜಿತ.

ಇಷ್ಟೇ ಆಗಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ. ನಮಗೆ ರೋಗ ಕಾಣಿಸಿಕೊಳ್ಳುವ ಮೊದಲಿನ ಚಳಿಗಾಲದಲ್ಲಿ, ಕ್ರೀಡೋತ್ಸವದ ಲೇಜಿಮ್ ತಾಲೀಮಿನಲ್ಲಿ, ಎಂಟನೆಯ ತರಗತಿಯ ದಪ್ಪನೆಯ ಹುಡುಗಿಯೊಬ್ಬಳು ಹಿಂದೆ ಬಿದ್ದಳು. “ಬಾಯಿಗೆ ಬೀಗ ಹಾಕಿದರೆ ಕಾಲು ತಾನೇ ಓಡುತ್ತದೆ” ಎಂದೆವು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ ಅವಳು ಊಟದ ಡಬ್ಬಿ ತೆರೆಯದೆ ಕುಳಿತಿದ್ದುದನ್ನು ಕಂಡೆವು. ನಮ್ಮ ಉಪದೇಶ ಫಲಿಸಿತೆಂದು ಹೆಮ್ಮೆಪಟ್ಟೆವು ಎಂಬುದನ್ನು ಇಂದು ಬರೆಯಲು ನಾಚಿಕೆಯಾಗುತ್ತದೆ.

ಗುಳಿಗೆ ಆರಂಭಿಸಿದ ವಾರ ಅವಳನ್ನು ಮೊಗಸಾಲೆಯಲ್ಲಿ ಕಂಡು, “ಅಂದು ಹಾಗೆ ಅಂದದ್ದು ತಪ್ಪಾಯಿತಮ್ಮಾ” ಎಂದೆವು. “ಇರಲಿ ಬಿಡ್ರಿ ಸರ್, ನನಗ ನೆನಪಿಲ್ಲ” ಎಂದಳು. ನೆನಪಿಲ್ಲವೆಂದವಳು ಯಾವ ಮಾತೆಂದು ಕೇಳಲಿಲ್ಲ. ಈಗ ಅವಳು ಹತ್ತನೆಯ ತರಗತಿ ಮುಗಿಸಿ ಹೋಗಿದ್ದಾಳೆ. ಅವಳ ಗ್ರಂಥಿ ನೆಟ್ಟಗಿದ್ದಿತೋ ಇಲ್ಲವೋ ಅರಿಯೆವು. ಕೇಳುವ ಹಕ್ಕೂ ನಮಗಿಲ್ಲ. ನೆಟ್ಟಗಿದ್ದರೂ ನಮ್ಮ ಮಾತು ನೆಟ್ಟಗಾಗುವುದಿಲ್ಲ.

ವಿದ್ಯಾರ್ಥಿಗಳೇ, ದಪ್ಪಗಿರುವವರೆಲ್ಲರೂ ಥೈರಾಯ್ಡ್ ರೋಗಿಗಳಲ್ಲ. ತೂಕ ಇಳಿಸಲೆಂದು ಯಾರೂ ಈ ಗುಳಿಗೆ ನುಂಗಬಾರದು, ಅದು ಹೃದಯಕ್ಕೆ ಅಪಾಯ. ಆದರೆ ಮನೆಯಲ್ಲಿ ಯಾರಾದರೂ ಸದಾ ದಣಿದು, ಚಳಿಯೆಂದು, ಮಲಬದ್ಧತೆಯೆಂದು, ಕೂದಲುದುರುತ್ತದೆಯೆಂದು ಹೇಳುತ್ತ ದಪ್ಪಗಾಗುತ್ತಿದ್ದರೆ ರಕ್ತಪರೀಕ್ಷೆ ಮಾಡಿಸಲು ಹೇಳಿರಿ. ತಾಯಂದಿರನ್ನು ವಿಶೇಷವಾಗಿ ಗಮನಿಸಿರಿ. ಈ ರೋಗ ಗಂಡಸರಿಗಿಂತ ಹೆಂಗಸರಲ್ಲಿಯೇ ಹೆಚ್ಚು. ನಿಮ್ಮ ವಯಸ್ಸಿನವರಲ್ಲಿ ಎತ್ತರ ಬೆಳೆಯುವುದು ನಿಂತಂತಾದರೆ ಅದೂ ಒಂದು ಸೂಚನೆ.

ನಾವಂತೂ ದಿನವೂ ನಸುಕಿನಲ್ಲಿ ಗುಳಿಗೆ ನುಂಗಿ ಚಹಾಕ್ಕಾಗಿ ಕಾಯುತ್ತೇವೆ. ಆ ಅರ್ಧ ಗಂಟೆಯಲ್ಲಿ, ತೆರೆಯದ ಆ ಊಟದ ಡಬ್ಬಿ ಒಮ್ಮೊಮ್ಮೆ ಕಣ್ಣಮುಂದೆ ಬರುತ್ತದೆ.