ಕಬ್ಬಿಣದ ಟ್ರಂಕಿನೊಡನೆ ಹೊರಟ ಮಕ್ಕಳು

ಶಿಸ್ತು ಎಂಬ ಮಾತನ್ನು ನಾವು ಶಿಕ್ಷಕರು ದಿನಕ್ಕೆ ಹತ್ತು ಬಾರಿ ಆಡುತ್ತೇವೆ. ಅದಕ್ಕೆ ತೆರಬೇಕಾದ ಬೆಲೆ ಎಷ್ಟೆಂಬುದನ್ನು ನಾನು ತಿಳಿದದ್ದು ಮಾತ್ರ ವಿಜಯಪುರದ ಸೈನಿಕ ಶಾಲೆಗೆ ಹೋದ ನನ್ನ ವಿದ್ಯಾರ್ಥಿಗಳಿಂದ. ದಾವಣಗೆರೆ, ಹರಿಹರಗಳ ಪ್ರಾಥಮಿಕ ಶಾಲೆಗಳಲ್ಲಿ ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಕೆಲವು ವರ್ಷಗಳಿಗೊಮ್ಮೆ ಒಬ್ಬ ಹುಡುಗನಾದರೂ ಆ ಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಹೆಸರು ಬರೆದ ಕಬ್ಬಿಣದ ಟ್ರಂಕಿನೊಡನೆ ಹೊರಡುತ್ತಿದ್ದ.

ಸೇನಾಧಿಕಾರಿಗಳ ಹುದ್ದೆಗಳಿಗೆ ಎಲ್ಲ ಪ್ರಾಂತಗಳ, ಎಲ್ಲ ವರ್ಗಗಳ ಮಕ್ಕಳೂ ಬರಲೆಂಬ ಉದ್ದೇಶದಿಂದ ಸೈನಿಕ ಶಾಲೆಗಳು 1961ರಲ್ಲಿ ಆರಂಭವಾದವು. ಆಗ ರಕ್ಷಣಾ ಮಂತ್ರಿಯಾಗಿದ್ದವರು ವಿ.ಕೆ. ಕೃಷ್ಣ ಮೆನನ್. ವಿಜಯಪುರದ ಶಾಲೆ 1963ರ ಸೆಪ್ಟೆಂಬರ್ 16ರಂದು ಪ್ರಾರಂಭವಾಯಿತು. ಕೊಡಗಿನ ಕೂಡಿಗೆಯ ಶಾಲೆ 2007ರಲ್ಲಿ ಬಂದಿತು. ಆರನೆಯ ತರಗತಿಗೆ ಸೇರುವಾಗ ಮಗುವಿನ ವಯಸ್ಸು ಹತ್ತರಿಂದ ಹನ್ನೆರಡು. ಅಂದಿನಿಂದ ಆತ ವಿದ್ಯಾರ್ಥಿಯಷ್ಟೇ ಅಲ್ಲ, ಕೆಡೆಟ್. ಮುಂಜಾನೆಯ ವ್ಯಾಯಾಮ, ಹೊಳೆಯುವ ಬೂಟು, ಮಡಿಕೆ ಕೆಡದ ಹಾಸಿಗೆ, ತರಗತಿ, ಸಂಜೆಯ ಆಟ, ರಾತ್ರಿಯ ಓದು, ಹಾಜರಿ, ದೀಪವಾರಿಸುವ ಗಂಟೆ ಎಲ್ಲಕ್ಕೂ ಗೊತ್ತಾದ ಹೊತ್ತಿದೆ.

ಅಲ್ಲಿನ ಸಂಪ್ರದಾಯಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಹೌಸ್‌ಗಳ ಹೆಸರು. ಆದಿಲ್‌ಶಾಹಿ, ಚಾಲುಕ್ಯ, ಹೊಯ್ಸಳ, ರಾಷ್ಟ್ರಕೂಟ, ವಿಜಯನಗರ, ಒಡೆಯರ್. ಇತಿಹಾಸದಲ್ಲಿ ರಾಷ್ಟ್ರಕೂಟರು ಬಾದಾಮಿ ಚಾಲುಕ್ಯರನ್ನು ಉರುಳಿಸಿದರು. 1565ರಲ್ಲಿ ಆದಿಲ್‌ಶಾಹಿಯೂ ಸೇರಿದ ಸುಲ್ತಾನರ ಕೂಟ ವಿಜಯನಗರವನ್ನು ಸೋಲಿಸಿತು. ಶಾಲೆಯಲ್ಲಾದರೋ ಅದೇ ಹೆಸರಿನ ಹುಡುಗರು ಸಂಜೆ ಮೈದಾನದಲ್ಲಿ ಸೆಣಸಿ, ರಾತ್ರಿ ಒಂದೇ ಭೋಜನಶಾಲೆಯಲ್ಲಿ ಉಣ್ಣುತ್ತಾರೆ. ಹರಿಹರದ ಹುಡುಗನಿಗೆ ಇದು ತೀರ ಹೊಸತಲ್ಲ. ಅವನ ಊರಿನ ಗುಡಿಯಲ್ಲಿ ಹರಿಯೂ ಹರನೂ ಒಂದೇ ವಿಗ್ರಹವಾಗಿ ನಿಂತಿದ್ದಾರೆ. 1224ರ ಸುಮಾರಿಗೆ ಆ ಗುಡಿಯನ್ನು ಕಟ್ಟಿಸಿದ ಪೋಲಾಳ್ವನೂ ಹೊಯ್ಸಳರ ದಂಡನಾಯಕನೇ.

ಆದರೆ ನಾಣ್ಯಕ್ಕೆ ಇನ್ನೊಂದು ಮುಖವೂ ಇದೆ. ಹರಿಹರದ ಕಾರ್ಖಾನೆಯೊಂದರ ಕಾರ್ಮಿಕರ ಮಗನೊಬ್ಬ ಮೊದಲ ರಜೆಗೆ ಬಂದಾಗ ನಾನು ಅವರ ಮನೆಗೆ ಹೋಗಿದ್ದೆ. ಹುಡುಗ ಎದ್ದು ನಿಂತು ವಂದಿಸಿದ. ತಾನುಂಡ ತಟ್ಟೆಯನ್ನು ತಾನೇ ತೊಳೆದಿಟ್ಟ. ತಂದೆಯ ಮುಖ ಅರಳಿತ್ತು. ತಾಯಿ ಮಾತ್ರ ಬಾಗಿಲ ಮರೆಯಲ್ಲಿ ನಿಂತು, “ಮೇಷ್ಟ್ರೇ, ನನ್ನ ಮಗ ನಮ್ಮನೇಗೇ ನೆಂಟನ ಹಾಗೆ ಬಂದಾನೆ” ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಮುಂದೆ ಆ ಹುಡುಗ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಲಿಖಿತ ಪರೀಕ್ಷೆಯಲ್ಲಿ ಗೆದ್ದ. ಐದು ದಿನಗಳ ಸಂದರ್ಶನದಲ್ಲಿ ಆಯ್ಕೆಯಾಗಲಿಲ್ಲ. ಅಕಾಡೆಮಿಯಲ್ಲಿ ಮೂರು ವರ್ಷ ಪಳಗಿದ ಕೆಡೆಟ್‌ಗಳು ನಿರ್ಗಮನ ಪಥಸಂಚಲನದ ಕೊನೆಗೆ ಇಡುವ ಹೆಜ್ಜೆಗೆ ‘ಅಂತಿಮ ಪಗ್’ ಎನ್ನುತ್ತಾರೆ. ಆ ಹೆಜ್ಜೆಯ ಕನಸಿನಲ್ಲೇ ಏಳು ವರ್ಷ ಕಳೆದವನಿಗೆ ಅದು ತಪ್ಪಿದಾಗ, “ಮಗನನ್ನು ದೂರವಿಟ್ಟದ್ದು ವ್ಯರ್ಥವಾಯಿತಲ್ಲ” ಎಂದು ಬಂಧುಗಳು ಆಡಿಕೊಂಡರು. ಇಂದು ಆತ ದಾವಣಗೆರೆಯಲ್ಲಿ ಸ್ವಂತ ಉದ್ಯೋಗ ಮಾಡಿಕೊಂಡಿದ್ದಾನೆ. ತಂದೆ ಹಾಸಿಗೆ ಹಿಡಿದ ಎರಡು ವರ್ಷಗಳಲ್ಲಿ ಅವರ ಮೈ ಒರೆಸಿ, ಹಾಸಿಗೆಯನ್ನು ದಿನವೂ ಒಂದು ಸುಕ್ಕಿಲ್ಲದಂತೆ ಹಾಸಿದವನು ಅವನೇ. ಆಗ ಆ ತಾಯಿ ನನಗೆ ಹೇಳಿದರು: “ನೆಂಟ ಅಂದಿದ್ದೆನಲ್ಲ ಮೇಷ್ಟ್ರೇ, ಈಗ ಮನೆಯವನಾದ.”

2021-22ನೆಯ ಸಾಲಿನಿಂದ ದೇಶದ ಸೈನಿಕ ಶಾಲೆಗಳೆಲ್ಲ ಹೆಣ್ಣುಮಕ್ಕಳಿಗೂ ತೆರೆದಿವೆ. 2025ರ ಮೇ ತಿಂಗಳಲ್ಲಿ ಖಡಕ್‌ವಾಸ್ಲಾದಿಂದ ಮೊದಲ ಬಾರಿಗೆ 17 ಮಹಿಳಾ ಕೆಡೆಟ್‌ಗಳು ತೇರ್ಗಡೆಯಾಗಿ ಹೊರಬಂದರು. ಈಗ ನಮ್ಮ ಬೀದಿಯ ಹೆಣ್ಣುಮಕ್ಕಳೂ ಆ ಪರೀಕ್ಷೆಯ ಪುಸ್ತಕ ಹಿಡಿದು ಬರುತ್ತಾರೆ. ಗಣಿತ ಹೇಳಿಕೊಡುವ ಮುನ್ನ ಅವರನ್ನು ಒಂದೇ ಪ್ರಶ್ನೆ ಕೇಳುತ್ತೇನೆ: “ಹೋಗಬೇಕೆಂಬ ಆಸೆ ನಿನ್ನದೋ, ನಿಮ್ಮಪ್ಪನದೋ?” ಅಪ್ಪನದೆಂದು ತಿಳಿದರೆ ಮೊದಲು ಅಪ್ಪನೊಡನೆ ಮಾತನಾಡುತ್ತೇನೆ. ಹತ್ತು ವರ್ಷದ ಮಗು ಮನೆಯ ಮಡಿಲು ಬಿಡುವುದು ಸಣ್ಣ ತ್ಯಾಗವಲ್ಲ; ಅದು ಮಗುವಿನ ಒಪ್ಪಿಗೆಯಿಂದಲೇ ಆಗಬೇಕೆಂಬುದು ಈ ಹಳೆಯ ಮೇಷ್ಟರ ದೃಢವಾದ ನಂಬಿಕೆ.