ನೆಕರ್ ನದಿಯ ದಂಡೆಯಲ್ಲಿ ಮೂರು ಗಾಲಿಯ ಪಾಠ

ಜರ್ಮನಿಯ ದಕ್ಷಿಣ ಭಾಗದಲ್ಲಿ, ನೆಕರ್ ನದಿಯ ದಂಡೆಯ ಮೇಲೆ ಟ್ಯೂಬಿಂಗನ್ ಎಂಬ ಊರಿದೆ. 1477ರಲ್ಲಿ ಸ್ಥಾಪನೆಗೊಂಡ ವಿಶ್ವವಿದ್ಯಾಲಯ ಈ ಊರಿನ ಕೀರ್ತಿಗೆ ಕಾರಣ. ಕನ್ನಡಿಗರಿಗೆ ಈ ಊರು ತೀರ ಹೊರಗಿನದೇನಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ ನಿಘಂಟಿನ ಕರ್ತೃ ಫರ್ಡಿನಾಂಡ್ ಕಿಟ್ಟೆಲ್ಲರು 1903ರಲ್ಲಿ ಕಣ್ಣು ಮುಚ್ಚಿದ್ದು ಇಲ್ಲಿಯೇ. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದ, ಬಸವಪುರಾಣವನ್ನು ಅಚ್ಚಿಗೆ ತಂದ ಹರ್ಮನ್ ಮೋಗ್ಲಿಂಗರು ಇದೇ ನದಿಯ ಕೆಳದಂಡೆಯ ಎಸ್ಲಿಂಗನ್ ಪಟ್ಟಣದಲ್ಲಿ 1881ರಲ್ಲಿ ತೀರಿಕೊಂಡರು. ಮೂವತ್ತು ವರ್ಷ ಕಿಟ್ಟೆಲ್ಲರ ನಿಘಂಟನ್ನು ಮೇಜಿನ ಮೇಲಿಟ್ಟುಕೊಂಡು ಮಕ್ಕಳಿಗೆ ಕನ್ನಡ ಕಲಿಸಿದ ನನಗೆ, ಮಗಳು ಇದೇ ಊರಿನಲ್ಲಿ ನೆಲೆಸಿದಾಗ ಆದ ಸಂತೋಷ ಅಷ್ಟಿಷ್ಟಲ್ಲ.

ಆದರೆ ಧಾರವಾಡದಿಂದ ಅಲ್ಲಿಗೆ ಹೋದ ಮೇಲೆ ಒಂದು ತಿಂಗಳು ನಾನು ಕಂಡದ್ದು ಕಿಟಕಿಯಿಂದ ಕಾಣುವಷ್ಟು ಊರು ಮಾತ್ರ. ಹಿಂದಿನ ವರ್ಷ ಒಳಕಿವಿಯ ಬೇನೆಯಿಂದ ತಲೆ ತಿರುಗಿ ಎರಡು ಸಲ ಬಿದ್ದಿದ್ದೆ. ಬೇನೆ ಬಹುಮಟ್ಟಿಗೆ ಗುಣವಾಗಿತ್ತು; ಭಯ ಗುಣವಾಗಿರಲಿಲ್ಲ. ಮಗಳು, ಅಳಿಯ ಕೆಲಸಕ್ಕೆ ಹೋದ ಮೇಲೆ ಲಿಂಗಪೂಜೆ ಮುಗಿಸಿ ಕುರ್ಚಿಯಲ್ಲಿ ಕುಳಿತರೆ ಸಂಜೆಯವರೆಗೆ ಅದೇ ನನ್ನ ಪ್ರಪಂಚ. ಜಂಗಮ ತತ್ತ್ವವನ್ನು ಶಾಲೆಯಲ್ಲಿ ಬಾಯಿತುಂಬ ಬೋಧಿಸಿದವಳು ನಾನೇ ಸ್ಥಾವರವಾಗಿಬಿಟ್ಟೆನಲ್ಲ ಎಂದು ಒಳಗೊಳಗೇ ನೊಂದುಕೊಳ್ಳುತ್ತಿದ್ದೆ.

ಒಂದು ಶನಿವಾರ ಮಗಳು ವಿಚಿತ್ರವಾದೊಂದು ವಾಹನವನ್ನು ಬಾಡಿಗೆಗೆ ತಂದು ಅಂಗಳದಲ್ಲಿ ನಿಲ್ಲಿಸಿದಳು. ಮುಂದೆ ಎರಡು ಗಾಲಿ, ಹಿಂದೆ ಒಂದು. ನಡುವೆ ನೆಲಕ್ಕೆ ಸಮೀಪವಾಗಿ, ಬೆನ್ನು ಒರಗಿಸಿ ಕೂಡ್ರುವ ಜಾಳಿಗೆಯ ಆಸನ. ಪೆಡಲುಗಳು ಕಾಲಿನ ಕೆಳಗಿಲ್ಲ, ಕಾಲಿನ ಮುಂದೆ ಉದ್ದನೆಯ ಕೊಳವೆಯ ತುದಿಯಲ್ಲಿವೆ. ನಮ್ಮ ಮನೆಯ ಪಡಸಾಲೆಯ ಆರಾಮ ಕುರ್ಚಿಗೆ ಯಾರೋ ಗಾಲಿ ಹಚ್ಚಿದಂತೆ ಕಾಣುತ್ತಿತ್ತು.

“ಅವ್ವಾ, ಇದಕ್ಕ ತೋಲ ಹಿಡಿಯೂದು ಬೇಕಾಗಿಲ್ಲ. ಮೂರು ಗಾಲಿ ಅದಾವು. ನಿಂತಲ್ಲೇ ನಿಲ್ಲತೈತಿ,” ಎಂದಳು.

“ಈ ವಯಸ್ಸಿನ್ಯಾಗ ಬೀದಿಯೊಳಗ ಹಿಂಗ ಕಾಲು ಚಾಚಿಕೊಂಡು ಹೋಗಲೇನವ್ವಾ? ನೋಡಿದವರು ಏನಂದಾರು?” ಎಂದೆ.

“ಇಲ್ಲಿ ಯಾರೂ ತಿರುಗಿ ಸೈತ ನೋಡೂದಿಲ್ಲ,” ಎಂದು ನಕ್ಕಳು.

ಸೀರೆಯ ಸೆರಗು ಸರಪಳಿಗೆ ಸಿಕ್ಕರೆ ಅನಾಹುತವೆಂದು ಅವಳ ಚೂಡಿದಾರವನ್ನೇ ತೊಟ್ಟೆ. ಮೊದಲು ಕೊಳವೆಯನ್ನು ನನ್ನ ಕಾಲಿನ ಉದ್ದಕ್ಕೆ ಹೊಂದಿಸಿದಳು. ಪಾದಗಳನ್ನು ಪೆಡಲಿಗೆ ಪಟ್ಟಿಯಿಂದ ಬಿಗಿದಳು. ಚಲಿಸುವಾಗ ಪಾದ ಜಾರಿ ನೆಲಕ್ಕೆ ತಾಗಿದರೆ ವಾಹನ ಕಾಲಿನ ಮೇಲೆಯೇ ಹಾಯುವ ಅಪಾಯವಿರುವುದರಿಂದ ಇದು ಅಲಂಕಾರಕ್ಕಲ್ಲ, ಅವಶ್ಯಕವಾದ ಕ್ರಮ. ತಿರುಗಿಸುವ ಹಿಡಿಗಳು ಆಸನದ ಎರಡು ಪಕ್ಕದಲ್ಲಿವೆ. ಎಡಗೈಯ ಬ್ರೇಕು ಎಡಗಾಲಿಗೆ, ಬಲಗೈಯದು ಬಲಗಾಲಿಗೆ. ಇದನ್ನು ಮರೆತು ಒಂದೇ ಕೈಯ ಬ್ರೇಕು ಹಿಡಿದ ನಾನು ಗಿರ್ರನೆ ತಿರುಗಿ ಹುಲ್ಲಿನೊಳಗೆ ಹೋಗಿ ನಿಂತೆ. ಬೀಳಲಿಲ್ಲ! ಒಂದು ವರ್ಷದಲ್ಲಿ ಮೊದಲ ಬಾರಿಗೆ ತಪ್ಪು ಮಾಡಿಯೂ ಬೀಳದೆ ಉಳಿದಿದ್ದೆ. ಆ ಕ್ಷಣದಲ್ಲಿಯೇ ಭಯದ ಗಂಟು ಸ್ವಲ್ಪ ಸಡಿಲಿತು.

ಇದಕ್ಕೆ ವಿದ್ಯುತ್ತಿನ ಸಹಾಯವೂ ಉಂಟು. ಬ್ಯಾಟರಿಯಿಂದ ನಡೆಯುವ ಸಣ್ಣ ಮೋಟಾರು ತುಳಿಯುವವರ ಬಲಕ್ಕೆ ತನ್ನ ಬಲವನ್ನು ಕೂಡಿಸುತ್ತದೆ. ಯುರೋಪಿನ ನಿಯಮದ ಪ್ರಕಾರ ಅದರ ಶಕ್ತಿ 250 ವ್ಯಾಟಿಗೆ ಸೀಮಿತ. ವೇಗ ಗಂಟೆಗೆ 25 ಕಿ.ಮೀ. ಮುಟ್ಟಿದೊಡನೆ ಸಹಾಯ ನಿಲ್ಲುತ್ತದೆ. ಈ ಮಿತಿಯೊಳಗಿನ ವಾಹನವನ್ನು ಜರ್ಮನಿಯಲ್ಲಿ ಸೈಕಲ್ಲೆಂದೇ ಎಣಿಸುವುದರಿಂದ ಚಾಲನಾ ಪರವಾನಿಗೆಯೂ ಬೇಕಿಲ್ಲ.

ಒರಗಿ ತುಳಿಯುವುದು ವೃದ್ಧರಿಗಾಗಿ ಮಾಡಿದ ಉಪಾಯವೆಂದು ತಿಳಿದಿದ್ದೆ. ಅಳಿಯಂದಿರು ಆ ತಪ್ಪು ತಿಳಿವನ್ನು ತಿದ್ದಿದರು. 1933ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರಾನ್ಸಿಸ್ ಫೋರ್ ಎಂಬಾತ ಇಂತಹ ಒರಗು ಸೈಕಲ್ಲಿನಲ್ಲಿ, ಅದು ಎರಡು ಗಾಲಿಯದು, ಒಂದು ತಾಸಿಗೆ 45 ಕಿಲೋಮೀಟರಿಗೂ ಮಿಕ್ಕಿ ಕ್ರಮಿಸಿ ಹಳೆಯ ದಾಖಲೆಯನ್ನು ಮುರಿದನಂತೆ. ಮರುವರ್ಷವೇ ಅಂತರರಾಷ್ಟ್ರೀಯ ಸೈಕಲ್ ಸಂಸ್ಥೆ ಈ ಬಗೆಯ ವಾಹನವನ್ನು ಸ್ಪರ್ಧೆಯಿಂದ ಹೊರಗಿಟ್ಟಿತು. ಸೈಕಲ್ಲಿನ ಪೂರ್ವಜ ಹುಟ್ಟಿದ್ದೂ ಇದೇ ನದಿಯ ಕೊನೆಯಲ್ಲಿ: ನೆಕರ್ ರೈನ್ ನದಿಯನ್ನು ಸೇರುವ ಮಾನ್‌ಹೈಮ್ ನಗರದಲ್ಲಿ 1817ರಲ್ಲಿ ಕಾರ್ಲ್ ಡ್ರೈಸ್ ಎಂಬವರು, ಪೆಡಲಿಲ್ಲದೆ ನೆಲವನ್ನು ಕಾಲಿನಿಂದ ಒದ್ದು ಓಡಿಸುವ ಎರಡು ಗಾಲಿಯ ವಾಹನವನ್ನು ಹತ್ತಿ ತೋರಿಸಿದರು.

ಎರಡು ವಾರದ ಅಭ್ಯಾಸದ ನಂತರ ನದಿಯ ಮೇಲ್ದಿಕ್ಕಿಗೆ ರೋಟನ್‌ಬರ್ಗಿನವರೆಗೆ ಹೋಗುವುದೆಂದು ನಿಶ್ಚಯವಾಯಿತು. ಹೋಗುವಾಗ ಸುಮಾರು ಹನ್ನೆರಡು ಕಿ.ಮೀ. ದಾರಿ, ಹೆಚ್ಚಾಗಿ ಸಮತಟ್ಟು. ಮಗಳು ತನ್ನ ಸೈಕಲ್ಲಿನಲ್ಲಿ ಹಿಂದೆ, ನಾನು ಮುಂದೆ. ಇಷ್ಟು ತಗ್ಗಿನ ವಾಹನ ಬೇರೆಯವರ ಕಣ್ಣಿಗೆ ಬೀಳಲೆಂದು ಹಿಂದೆ ಉದ್ದನೆಯ ಕೋಲಿಗೆ ಪತಾಕೆ ಕಟ್ಟಿದ್ದರು. ಹೊಲಗಳ ಆಚೆ, ಗುಡ್ಡದ ನೆತ್ತಿಯ ಮೇಲೆ ವುರ್ಮ್‌ಲಿಂಗನ್ನಿನ ಪ್ರಾರ್ಥನಾಮಂದಿರ ಒಂಟಿಯಾಗಿ ನಿಂತಿತ್ತು. ಒರಗಿ ಕುಳಿತವರಿಗೆ ಕತ್ತು ಬಗ್ಗಿಸುವ ಶ್ರಮವಿಲ್ಲ. ಆಕಾಶ, ಗುಡ್ಡ, ಮರಗಳ ತುದಿ ತಾವಾಗಿಯೇ ಕಣ್ಣಿಗೆ ಬರುತ್ತವೆ.

ದಾರಿಯಲ್ಲಿ ಒಂದು ಸಣ್ಣ ಸೇತುವೆಯ ಏರು ಎದುರಾಯಿತು. ಈ ವಾಹನದಲ್ಲಿ ಎದ್ದು ನಿಂತು ತುಳಿಯಲಾಗದು. ಆದ್ದರಿಂದ ಏರು ಬರುವ ಮೊದಲೇ ಹಗುರಾದ ಗೇರಿಗೆ ಬರಬೇಕು. ನಾನು ಮರೆತೆ. ಕಾಲು ಭಾರವಾಯಿತು, ಮನಸ್ಸು ಕುಗ್ಗಿತು. ಮೋಟಾರು ಎಳೆಯುತ್ತದಲ್ಲ ಎಂದುಕೊಂಡು ತುಳಿಯುವುದನ್ನೇ ಬಿಟ್ಟೆ. ವಾಹನ ನಿಂತು, ಮೆಲ್ಲಗೆ ಹಿಂದಕ್ಕೆ ಸರಿಯತೊಡಗಿತು. ಎರಡೂ ಬ್ರೇಕುಗಳನ್ನು ಅಮುಕಿ ಹಿಡಿದು ಕೂಗಿದೆ: “ಮೋಟಾರು ಕೆಟ್ಟತು!”

ಮಗಳು ಇಳಿದು ಬಂದು, ಹಿಂಬದಿಯ ಗಾಲಿಯನ್ನು ತುಸು ಎತ್ತಿ ಹಿಡಿದು, ಪೆಡಲು ತಿರುಗಿಸಿ ಗೇರನ್ನು ಇಳಿಸಿದಳು. “ಕೆಟ್ಟಿಲ್ಲವ್ವಾ. ನೀ ತುಳದರ ಅದೂ ತುಳೀತೈತಿ. ನೀ ಬಿಟ್ಟರ ಅದೂ ಬಿಡತೈತಿ,” ಎಂದಳು.

ಎದೆಯ ಮೇಲಿನ ಕರಡಿಗೆಯನ್ನು ಒಮ್ಮೆ ಮುಟ್ಟಿಕೊಂಡು ಮೆಲ್ಲಗೆ ತುಳಿದೆ. ಅರ್ಧ ಸುತ್ತು ತಿರುಗುವಷ್ಟರಲ್ಲಿ ಬೆನ್ನ ಹಿಂದೆ ಯಾರೋ ಕೈಯಿಟ್ಟು ನೂಕಿದಂತಾಯಿತು. ಏರು ಮುಗಿಯಿತು. ಶರಣರು ಕಾಯಕಕ್ಕೆ ಅಷ್ಟು ಎತ್ತರದ ಸ್ಥಾನವನ್ನು ಏಕೆ ಕೊಟ್ಟರೆಂಬುದನ್ನು ನೂರಾರು ಮಕ್ಕಳಿಗೆ ವಿವರಿಸಿದ್ದೆ. ಅದನ್ನು ಮೊಣಕಾಲಿನಲ್ಲಿ ಅನುಭವಿಸಿದ್ದು ಮಾತ್ರ ಅಂದೇ. ಆಸರೆ ಬೇಡುವುದು ತಪ್ಪಲ್ಲ. ತನ್ನ ಪಾಲಿನ ಕಾಯಕವನ್ನು ಬಿಟ್ಟು ಬೇಡಿದರೆ ಆಸರೆ ಎಲ್ಲಿ ನಿಂತೀತು? ಬಿದ್ದ ದಿನದಿಂದ ನಾನು ಮಗಳಿಂದಲೂ ಇಂತಹದನ್ನೇ ಬಯಸುತ್ತಿದ್ದೆನಲ್ಲವೇ ಎಂಬ ವಿಚಾರವೂ ಸುಳಿದು ನಾಚಿಕೆಯಾಯಿತು. ರೋಟನ್‌ಬರ್ಗಿನಲ್ಲಿ ನದಿಯ ದಂಡೆಗೆ ಕುಳಿತು ರೊಟ್ಟಿ, ಶೇಂಗಾ ಹಿಂಡಿ ತಿಂದಾಗ ಅವಳಿಗೆ ಇದನ್ನು ಹೇಳಿದೆ. ಅವಳು ಏನೂ ಹೇಳದೆ ನನ್ನ ಕೈಮೇಲೆ ಕೈಯಿಟ್ಟಳು.

ಧಾರವಾಡಕ್ಕೆ ಮರಳಿದ್ದೇನೆ. ಅಷ್ಟು ತಗ್ಗಿನ ವಾಹನವನ್ನು ಇಲ್ಲಿಯ ಬಸ್ಸು, ಲಾರಿಗಳ ನಡುವೆ ಓಡಿಸುವ ಧೈರ್ಯ ನನಗಿಲ್ಲ. ಸೈಕಲ್ಲಿಗೆಂದೇ ಮೀಸಲಾದ ದಾರಿ ನಮ್ಮ ಬೀದಿಯಲ್ಲಿಲ್ಲ. ಆದರೆ ಕಿಟಕಿಯ ಪಕ್ಕದ ಕುರ್ಚಿ ಈಗ ಹಗಲೆಲ್ಲ ಖಾಲಿಯಿರುತ್ತದೆ. ಕೋಲೂರಿಕೊಂಡು ಮುರುಘಾಮಠದವರೆಗೆ ನಡೆದು ಹೋಗುತ್ತೇನೆ. ಏರು ಬಂದಲ್ಲಿ ನೆರೆಮನೆಯ ಹುಡುಗಿ ಕೈ ಕೊಡುತ್ತಾಳೆ. ಹೆಜ್ಜೆಯನ್ನು ಮಾತ್ರ ಮೊದಲು ನಾನೇ ಇಡುತ್ತೇನೆ.