ಸಲಹೆ ಕೊಡುವ ಮುನ್ನ



ನಮ್ಮ ಬಂಧುಬಳಗದ ಮಗುವೊಂದು ವ್ಯವಹಾರ ನಿರ್ವಹಣೆಯ ಉನ್ನತ ವ್ಯಾಸಂಗಕ್ಕೆ ವಿದೇಶಕ್ಕೆ ತೆರಳಿತೆಂದು ಕೇಳಿದೊಡನೆ, ಮುಂದೆ ದೊರೆಯಲಿರುವ ಸಂಬಳದ ಮಾತೇ ನಮ್ಮಲ್ಲಿ ಮೊದಲು ಬರುತ್ತದೆ. ಅಲ್ಲಿ ಕಲಿಯುವುದೇನೆಂದು ವಿಚಾರಿಸುವವರು ವಿರಳ. ಆ ಕಲಿಕೆಯ ಒಂದು ಭಾಗವನ್ನು ನಿಮ್ಮೊಡನೆ ಹಂಚಿಕೊಳ್ಳಬಯಸುತ್ತೇನೆ.

ತರಗತಿಯ ಪಾಠವಷ್ಟೇ ಸಾಲದೆಂದು ಅರಿತ ಅಮೆರಿಕದ ಹಲವು ವಿದ್ಯಾಸಂಸ್ಥೆಗಳು ವಿದ್ಯಾರ್ಥಿಗಳನ್ನು ತಂಡಗಳಾಗಿ, ಸಲಹೆಗಾರರ ಪಾತ್ರದಲ್ಲಿ ಹೊರಗೆ ಕಳುಹಿಸುತ್ತವೆ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ 1992ರಿಂದ ಇಂತಹ ಪದ್ಧತಿಯಿದೆ. ಅಲ್ಲಿನ ತಂಡಗಳು ಏಳು ವಾರ ದುಡಿಯುತ್ತವೆ, ಕೆಲವು ಹೊರದೇಶಗಳಿಗೂ ಹೋಗುತ್ತವೆ. ಎಂ.ಐ.ಟಿ.ಯ ಸ್ಲೋನ್ ಶಾಲೆ 2000ದಲ್ಲಿ ‘ಜಿ-ಲ್ಯಾಬ್’ ಆರಂಭಿಸಿತು. ಹಾರ್ವರ್ಡ್ ವ್ಯವಹಾರ ಶಾಲೆಯಿಂದ 2012ರ ಜನವರಿಯಲ್ಲಿ ಸುಮಾರು 900 ವಿದ್ಯಾರ್ಥಿಗಳು ಹೀಗೆ ಹಲವು ದೇಶಗಳಿಗೆ ತೆರಳಿದ್ದರು.

ನನ್ನ ಅಕ್ಕನ ಮಗಳೂ 2016ರಲ್ಲಿ ಇಂತಹ ಒಂದು ತಂಡದಲ್ಲಿ ಕೀನ್ಯಾದ ಸಣ್ಣ ಆಸ್ಪತ್ರೆಯೊಂದಕ್ಕೆ ಹೋಗಿದ್ದಳು. ಅವಧಿ ಮೂರು ವಾರ. ಬೆಳಗಿನ ಹೊತ್ತು ರೋಗಿಗಳು ಗಂಟೆಗಟ್ಟಲೆ ಕಾಯುವುದನ್ನು ತಪ್ಪಿಸುವ ದಾರಿಯನ್ನು ಅವರು ಸೂಚಿಸಬೇಕಿತ್ತು. ಹೆಸರು ಬರೆದುಕೊಳ್ಳುವ ಗುಮಾಸ್ತರು ನಿಧಾನಿಗಳು, ಕಂಪ್ಯೂಟರ್ ತಂದರೆ ಇಬ್ಬರನ್ನು ಕೈಬಿಡಬಹುದು ಎಂದು ತಂಡದವರು ಮೊದಲ ವಾರದಲ್ಲೇ ತೀರ್ಮಾನಿಸಿದರು. ಲೆಕ್ಕವೇನೋ ಸರಿಯಾಗಿಯೇ ಇತ್ತು.

ಅವಳಿಗೆ ಮಾತ್ರ ಸಮಾಧಾನವಾಗಲಿಲ್ಲ. ಎರಡು ದಿನ ಆ ಗುಮಾಸ್ತರ ಪಕ್ಕದಲ್ಲೇ ಕುಳಿತಳು. ಒಬ್ಬನೇ ರೋಗಿಯ ಹೆಸರನ್ನು ಅವರು ಮೂರು ಪುಸ್ತಕಗಳಲ್ಲಿ ಬರೆಯುತ್ತಿದ್ದರು: ತಪಾಸಣೆಗೊಂದು, ಪ್ರಯೋಗಾಲಯಕ್ಕೊಂದು, ಔಷಧಕ್ಕೊಂದು. ದೂರದ ಹಳ್ಳಿಗಳವರೆಲ್ಲ ಅಲ್ಲಿ ‘ಮತಾಟು’ ಎಂದು ಕರೆಯುವ ಬಾಡಿಗೆ ವ್ಯಾನುಗಳಲ್ಲಿ ಒಮ್ಮೆಲೇ ಬಂದಿಳಿಯುತ್ತಿದ್ದರು. ಕತ್ತಲಾಗುವ ಮೊದಲು ಊರು ಸೇರಬೇಕಾದವರು ಯಾರೆಂಬುದು ಹಿರಿಯ ಗುಮಾಸ್ತೆಗೆ ಮುಖ ನೋಡಿದರೇ ತಿಳಿಯುತ್ತಿತ್ತು; ಅವರನ್ನು ಆಕೆ ಮುಂದಕ್ಕೆ ಕಳುಹಿಸುತ್ತಿದ್ದರು. ಇದಾವುದೂ ತಂಡದ ಲೆಕ್ಕದಲ್ಲಿ ಇರಲಿಲ್ಲ.

ವಾದ ನಡೆಯಿತು. ತೀರ್ಮಾನ ಬದಲಿಸಿದರೆ ವರದಿ ಮುಗಿಯದೆಂದು ಕೆಲವರು ಮುನಿಸಿಕೊಂಡರು. ಕೊನೆಗೆ, ಮೂರು ಪುಸ್ತಕಗಳ ಬದಲು ರೋಗಿಯ ಕೈಯಲ್ಲೇ ಒಂದು ಚೀಟಿ ಇರಲಿ, ಗುಮಾಸ್ತರು ಉಳಿಯಲಿ ಎಂದು ಬರೆದುಕೊಟ್ಟರು. “ಚಿಕ್ಕಮ್ಮ, ನಾವು ಬರೆಯಲಿದ್ದ ಒಂದೇ ಸಾಲಿಗೆ ಎರಡು ಮನೆಗಳ ಒಲೆ ಆರುತ್ತಿತ್ತು” ಎಂದು ಅವಳು ನನಗೆ ಹೇಳಿದಳು.

ಓದುಗರೇ, ಆ ಮಾತನ್ನು ನಾನು ಅನೇಕ ಬಾರಿ ಮೆಲುಕು ಹಾಕಿದ್ದೇನೆ. ಸಲಹೆ ಕೊಟ್ಟವರು ವಿಮಾನ ಹತ್ತಿ ಹಿಂದಿರುಗುತ್ತಾರೆ. ಅದರ ಫಲವನ್ನು ಉಣ್ಣುವವರು ಅಲ್ಲೇ ಉಳಿಯುತ್ತಾರೆ. ಆ ತರುಣರಲ್ಲಿ ಕೆಟ್ಟ ಮನಸ್ಸೇನೂ ಇರಲಿಲ್ಲ. ಸಮಯ ಕಡಿಮೆಯಿತ್ತು, ಬುದ್ಧಿ ಚುರುಕಾಗಿತ್ತು, ಪರಿಚಯ ಮಾತ್ರ ಸಾಲದಾಗಿತ್ತು. ಪರಿಚಯವಿಲ್ಲದ ಬುದ್ಧಿವಂತಿಕೆ ಎಷ್ಟು ಸುಲಭವಾಗಿ ಇತರರ ಅನ್ನಕ್ಕೆ ಕೈಹಾಕಬಲ್ಲದು!

ಈ ಶಿಕ್ಷಣ ಬೇಡವೆಂದು ನಾನು ಹೇಳಲಾರೆ. ಪರದೇಶದಲ್ಲಿ, ಬೇರೆ ಬೇರೆ ನಾಡುಗಳ ಸಹಪಾಠಿಗಳೊಡನೆ ವಾದಿಸಿ, ಸೋತು, ಒಪ್ಪಿ ದುಡಿಯುವ ಅನುಭವ ಪುಸ್ತಕದಿಂದ ದೊರೆಯದು. ಆದರೆ ಅದಕ್ಕೆ ಬೇಕಾದ ತಾಳ್ಮೆಯ ಬೀಜವನ್ನು ಮನೆಯಲ್ಲೇ ಬಿತ್ತಬೇಕು. ಕೆಲಸದವರು ಮಾತನಾಡುವಾಗ ಕಿವಿಗೊಡುವ ಹಿರಿಯರನ್ನು ಕಂಡು ಬೆಳೆದ ಮಗು, ಮುಂದೆ ಎಲ್ಲಿಗೆ ಹೋದರೂ ಗುಮಾಸ್ತರ ಪಕ್ಕದಲ್ಲಿ ಕುಳಿತುಕೊಳ್ಳಲು ಸಂಕೋಚಪಡುವುದಿಲ್ಲ.